ಹಡಗಿನ ನಾಣ್ಯದ ತೂಕ

ಅಪ್ಪ ತೀರಿಕೊಂಡಾಗ ಅವನ ತಕ್ಕಡಿ ರಿಪೇರಿ ಸಾಮಾನನ್ನು ಮಾರಿಬಿಡು ಎಂದು ನೆಂಟರೆಲ್ಲ ಹೇಳಿದರು. ಅಮ್ಮ ಒಂದೊಂದನ್ನೇ ಒರೆಸಿ, ಅಪ್ಪನ ಚರ್ಮದ ಚೀಲಕ್ಕೇ ತುಂಬಿಕೊಂಡು, ಅಪ್ಪ ಹೋಗುತ್ತಿದ್ದ ಅಂಗಡಿಗಳಿಗೇ ಹೋಗಿ ನಿಂತಳು. ಮೊದಲ ತಿಂಗಳು ಒಬ್ಬರೂ ಅವಳ ಕೈಗೆ ತಕ್ಕಡಿ ಕೊಡಲಿಲ್ಲ. ಹದಿನಾರು ವರ್ಷದ ಮೇಲೆ ಈಗ ಚಿನ್ನ ಬೆಳ್ಳಿಯ ಗಟ್ಟಿ ಮಾರುವ ಬೀದಿಯಲ್ಲಿ ಅವಳಿಗೆ ತಕ್ಕಡಿಯಮ್ಮ ಎಂದೇ ಹೆಸರು. ಅವಳು ಸರಿ ಎನ್ನದ ತಕ್ಕಡಿಯನ್ನು ಅಲ್ಲಿ ಯಾರೂ ಮೇಜಿನ ಮೇಲೆ ಇಡುವುದಿಲ್ಲ.

ಅಮ್ಮನಿಗೆ ಒಂದು ಹುಚ್ಚಿದೆ, ಹಳೆಯ ನಾಣ್ಯದ ಹುಚ್ಚು. ಬೀದಿಯ ದೊಡ್ಡ ಅಂಗಡಿಯಲ್ಲಿ ವಾರವಿಡೀ ಕೊಂಡ ಹಳೆ ಬೆಳ್ಳಿ ಸೋಮವಾರ ಕುಲುಮೆಗೆ ಹೋಗುತ್ತದೆ. ಮುರಿದ ಸರ, ಸೊಟ್ಟ ಚಮಚ, ಅವುಗಳ ನಡುವೆ ಎಂಟು ಹತ್ತು ನಾಣ್ಯ. ತಕ್ಕಡಿ ಪರೀಕ್ಷಿಸಿದ ಮೇಲೆ ಅಮ್ಮ ಆ ತಟ್ಟೆಯನ್ನು ಎಳೆದುಕೊಂಡು, ಭೂತಗನ್ನಡಿ ಹಿಡಿದು, ಮನಸ್ಸಿಗೆ ಬಂದ ಒಂದನ್ನು ಬೆಳ್ಳಿಯ ಬೆಲೆಗೇ ಕೊಳ್ಳುತ್ತಾಳೆ. ಹೀಗೆಯೇ ಅವಳು ಹಡಗಿನ ನಾಣ್ಯಗಳನ್ನು ಕೂಡಿಸಿದ್ದು. ಒಂದು ಮುಖದಲ್ಲಿ ಹಾಯಿ ಬಿಚ್ಚಿದ ಹಡಗು, ಇನ್ನೊಂದರಲ್ಲಿ ಇಸವಿ. ಅವು ಹತ್ತೊಂಬತ್ತು ವರ್ಷ ಅಚ್ಚಾಗಿದ್ದವು. ಅಮ್ಮನ ಹತ್ತಿರ ಹದಿನೆಂಟು ವರ್ಷದವು ಇದ್ದವು. ಇಲ್ಲದ್ದು ಕೊನೆಯ ವರ್ಷದ್ದು. ಆ ವರ್ಷ ಮೂರನೇ ತಿಂಗಳಲ್ಲೇ ಟಂಕಸಾಲೆಗೆ ಬೆಂಕಿ ಬಿದ್ದು ಕೆಲಸ ನಿಂತಿತ್ತು. ಹೊರಗೆ ಬಂದ ನಾಣ್ಯಗಳೇ ಬೆರಳೆಣಿಕೆಯಷ್ಟು.

ನನ್ನ ಸೋದರಮಾವ ಮಾತ್ರ ಬೆಳ್ಳಿಯ ಗಟ್ಟಿಗಳನ್ನಷ್ಟೇ ಕೊಳ್ಳುವವನು. ನಾವು ಅವನನ್ನು ಗಟ್ಟಿಮಾವ ಎನ್ನುತ್ತೇವೆ. ಮನೆಗೆ ಬಂದಾಗಲೆಲ್ಲ ಅಮ್ಮನ ಡಬ್ಬಿ ನೋಡಿ ನಗುತ್ತಾನೆ.

“ಅಕ್ಕಾ, ಬೆಳ್ಳಿ ಅಂದ್ರೆ ಬೆಳ್ಳಿ. ಅದರ ಮೇಲೆ ಹಡಗಿದ್ರೇನು, ಹಲ್ಲಿ ಇದ್ರೇನು? ಕರಗಿಸಿದ್ರೆ ಎಲ್ಲಾ ಒಂದೇ.”

“ನಿನ್ನನ್ನೂ ಕರಗಿಸಿದ್ರೆ ನೀನೂ ಒಂದೇ” ಎನ್ನುತ್ತಾಳೆ ಅಮ್ಮ.

ನಾನು ಕಾರು ಓಡಿಸುವುದನ್ನು ಕಲಿಸುವವಳು. ಸೋಮವಾರ ನನಗೆ ರಜೆ, ಹಾಗಾಗಿ ಅಮ್ಮನನ್ನು ನಾನೇ ಕರೆದೊಯ್ಯುತ್ತೇನೆ. ಆ ಸೋಮವಾರ ಅಮ್ಮ ದೊಡ್ಡ ಅಂಗಡಿಯಲ್ಲಿ ತಟ್ಟೆ ನೋಡುತ್ತಿದ್ದಾಗ ಒಬ್ಬ ನರ್ಸ್ ಒಳಗೆ ಬಂದಳು. ರಾತ್ರಿ ಪಾಳಿ ಮುಗಿಸಿ ನೇರ ಬಂದಿರಬೇಕು, ಕಣ್ಣು ಕೆಂಪಾಗಿದ್ದವು. ಅಜ್ಜಿಯ ಗುಂಡಿ ಡಬ್ಬಿಯಲ್ಲಿ ಸಿಕ್ಕಿದ್ದು ಎನ್ನುತ್ತ ಒಂದು ಉಂಗುರ, ಒಂದು ಚಮಚ, ಒಂದು ನಾಣ್ಯ ಮುಂದಿಟ್ಟಳು. ಸಾಹುಕಾರ ಮೂರನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದ.

ಅಮ್ಮನ ಕೈಯಲ್ಲಿದ್ದ ಭೂತಗನ್ನಡಿ ಅಲ್ಲೇ ನಿಂತಿತು. ಅವಳ ಮುಖ ನೋಡಿದೊಡನೆ ನನಗೆ ಗೊತ್ತಾಯಿತು. ಕೊನೆಯ ವರ್ಷದ ಹಡಗು!

ಅವಳು ಸುಮ್ಮನಿದ್ದಿದ್ದರೆ ಸಾಕಿತ್ತು. ಹತ್ತು ನಿಮಿಷದಲ್ಲಿ ಆ ನಾಣ್ಯ ತಟ್ಟೆಗೆ ಬೀಳುತ್ತಿತ್ತು, ತಟ್ಟೆಯಿಂದ ಅವಳ ಡಬ್ಬಿಗೆ. ಯಾರೂ ಕೇಳುವವರಿರಲಿಲ್ಲ.

“ಅದನ್ನ ಮಾರ್ಬೇಡಮ್ಮ” ಎಂದಳು ಅಮ್ಮ. “ತೂಕಕ್ಕೆ ಕೊಡೋ ವಸ್ತು ಅಲ್ಲ ಅದು. ಹರಾಜಿನವರ ಹತ್ರ ತಗೊಂಡು ಹೋಗು.”

ಸಾಹುಕಾರನ ಮುಖ ಕೆಂಪಾಯಿತು. “ನನ್ನ ಅಂಗಡೀಲೇ ನಿಂತು ನನ್ನ ಹೊಟ್ಟೆ ಮೇಲೇ ಹೊಡೀತೀಯಲ್ಲಮ್ಮ?”

“ನಿಮ್ಮ ತಕ್ಕಡೀಲಿ ನಿಜ ಇರ್ಲಿ ಅಂತ ತಾನೇ ನನಗೆ ಕೂಲಿ ಕೊಡ್ತೀರಿ? ಇದೂ ಅದೇ ಕೆಲಸ.”

ಕಾರಿನಲ್ಲಿ ಅಮ್ಮ ಭೂತಗನ್ನಡಿಯನ್ನು ಸೆರಗಿನಿಂದ ಒರೆಸುತ್ತಲೇ ಕುಳಿತಳು. ಮನೆಯ ತಿರುವಿನಲ್ಲಿ ಒಂದೇ ಸಲ, “ಕೈಯಳತೇಲೇ ಇತ್ತು ಕಣೇ” ಎಂದಳು.

ನಾಲ್ಕು ದಿನ ಕಳೆದು ನರ್ಸ್ ಬೀದಿಯಲ್ಲಿ ಅಮ್ಮನ ನಂಬರು ಕೇಳಿಕೊಂಡು ಫೋನ್ ಮಾಡಿದಳು. ದನಿಯಲ್ಲಿ ಅಳುವಿತ್ತು. ಹರಾಜು ಸಂಸ್ಥೆಯ ತಜ್ಞ ನಾಣ್ಯ ನಕಲಿ ಎಂದುಬಿಟ್ಟಿದ್ದನಂತೆ.

ಅಮ್ಮ ಚೀಲ ಎತ್ತಿಕೊಂಡಳು. “ಗಾಡಿ ತೆಗಿ.”

ತಜ್ಞ ತೆಳ್ಳಗಿನ, ಮರ್ಯಾದಸ್ಥ ಮನುಷ್ಯ. ಬಿಳಿ ಕೈಗವಸು ಹಾಕಿಕೊಂಡು ನಾಣ್ಯವನ್ನು ತಕ್ಕಡಿಯ ಗಾಜಿನ ಗೂಡಿನೊಳಗೆ ಇಟ್ಟು ನಮಗೂ ತೋರಿಸಿದ. “ಹನ್ನೊಂದು ಗ್ರಾಂ ಅರವತ್ತಾರು ಇರ್ಬೇಕು. ಇದು ಹನ್ನೊಂದು ನಲವತ್ತೊಂದು ತೋರಿಸ್ತಿದೆ. ಸವೆದಿದ್ರೆ ಒಪ್ಕೋಬಹುದಿತ್ತು. ಆದ್ರೆ ಹಾಯಿಯ ಹಗ್ಗ ಕೂಡ ಎದ್ದು ಕಾಣ್ತಿದೆ. ಸವೆಯದೆ ತೂಕ ಎಲ್ಲಿ ಹೋಯ್ತು? ನಕಲಿ ಮಾಡಿದವನು ಗಟ್ಟಿಗ, ಅಷ್ಟೇ.”

ನರ್ಸ್ ತಲೆ ತಗ್ಗಿಸಿದಳು. ಅಮ್ಮ ನಾಣ್ಯದ ಕಡೆ ನೋಡಲೇ ಇಲ್ಲ. ತಕ್ಕಡಿಯ ಸುತ್ತ ಒಂದು ಸುತ್ತು ಬಂದಳು. ತನ್ನ ಚೀಲದಿಂದ ಮಖಮಲ್ಲಿನ ಪೆಟ್ಟಿಗೆ ತೆಗೆದು, ಇಕ್ಕಳದಲ್ಲಿ ಹತ್ತು ಗ್ರಾಮಿನ ತೂಕದ ಬೊಟ್ಟು ಹಿಡಿದು, “ಇಡ್ಲಾ?” ಎಂದು ಕೇಳಿದಳು. ಅವನು ತಲೆಯಾಡಿಸಿದ.

ಒಂಬತ್ತು ಗ್ರಾಂ ಎಪ್ಪತ್ತೊಂಬತ್ತು ಎಂದು ಬಂತು.

“ನಿಮ್ಮ ಬೊಟ್ಟೇ ತಪ್ಪಿರ್ಬಹುದಲ್ಲ?” ಎಂದ ತಜ್ಞ.

“ಇರ್ಬಹುದು. ಈ ತಕ್ಕಡಿ ಸರಿಮಾಡಿದ್ದು ಯಾವಾಗ?”

“ಮೊನ್ನೆ ತಾನೇ. ನಾನೇ ಮಾಡಿದ್ದು. ನಮ್ಮದೇ ಇನ್ನೂರು ಗ್ರಾಮಿನ ಬೊಟ್ಟಿದೆ.”

“ಅದನ್ನ ಸ್ವಲ್ಪ ಕೊಡಿ.”

ಅವನು ಬೀರುವಿನಿಂದ ಹೊಳೆಯುವ ಉಕ್ಕಿನ ಬೊಟ್ಟು ತಂದ. ಅಮ್ಮ ಅದನ್ನು ತಲೆಕೆಳಗು ಮಾಡಿದಳು. ತಳದಲ್ಲಿ ಒಂದು ಕರಿ ರಬ್ಬರ್ ಬಿಲ್ಲೆ. ಬೀರುವಿನ ಗಾಜು ಗೀಚದಿರಲಿ ಎಂದು ಯಾರೋ ಪುಣ್ಯಾತ್ಮರು ಅಂಟಿಸಿದ್ದರು. ಆ ಭಾರವನ್ನೂ ಸೇರಿಸಿಯೇ ತಕ್ಕಡಿ ಇನ್ನೂರು ಎಂದು ನಂಬಿಕೊಂಡಿತ್ತು. ಅಂದಿನಿಂದ ಮೇಲಿಟ್ಟದ್ದನ್ನೆಲ್ಲ ಕಡಿಮೆ ತೋರಿಸುತ್ತಿತ್ತು.

ಅಮ್ಮ ರಬ್ಬರನ್ನು ಉಗುರಿನಿಂದ ಕಿತ್ತು, ಅಂಟನ್ನು ಸ್ಪಿರಿಟ್‌ನಲ್ಲಿ ಒರೆಸಿ, ತಕ್ಕಡಿಯನ್ನು ಹೊಸದಾಗಿ ಸರಿಮಾಡಿದಳು. ಅವಳ ಹತ್ತು ಗ್ರಾಂ ಹತ್ತೇ ಎಂದು ಬಂತು. ಆಮೇಲೆ ತಜ್ಞನ ಕಡೆ ತಿರುಗಿ, “ಈಗ ನೀವೇ ಇಡಿ” ಎಂದಳು.

ಅವನು ನಾಣ್ಯ ಇಟ್ಟು ಗಾಜಿನ ಬಾಗಿಲು ಮುಚ್ಚಿದ. ಅಂಕಿಗಳು ಓಡಿ ನಿಂತವು. ಹನ್ನೊಂದು, ಅರವತ್ತಾರು.

ತಜ್ಞ ಕೈಗವಸು ಕಳಚಿದ. ಕನ್ನಡಕ ಹಾಕಿಕೊಂಡು ಹಡಗನ್ನು ತುಂಬ ಹೊತ್ತು ನೋಡಿದ. ಅಂಚಿನ ಗೀರುಗಳನ್ನು ಪುಸ್ತಕದ ಚಿತ್ರಕ್ಕೆ ಹೋಲಿಸಿದ. “ತಪ್ಪಾಯ್ತಮ್ಮ. ಇದು ಅಸಲಿ” ಎಂದ. ಹಿಂದಿನ ಎರಡು ದಿನಗಳಲ್ಲಿ ತೂಗಿದ ನಾಣ್ಯಗಳನ್ನೆಲ್ಲ ಮತ್ತೆ ತರಿಸುವಂತೆ ಅಲ್ಲೇ ಹೇಳಿದ. ಅಮ್ಮ ತಕ್ಕಡಿ ರಿಪೇರಿಯ ಬಿಲ್ ಬರೆದುಕೊಟ್ಟಳು, ಒಂದು ಕಾಸೂ ಬಿಡಲಿಲ್ಲ.

ಹರಾಜಿನ ದಿನ ಗಟ್ಟಿಮಾವನೂ ಹಟ ಹಿಡಿದು ಬಂದ. ನಾಣ್ಯ ನರ್ಸಿನ ಎರಡು ವರ್ಷದ ಸಂಬಳದಷ್ಟಕ್ಕೆ ಹೋಯಿತು. ಕೊಂಡದ್ದು ಊರಿನ ವಸ್ತುಸಂಗ್ರಹಾಲಯ. ಮಾವ ಬೆರಳು ಮಡಿಚಿ ಲೆಕ್ಕ ಹಾಕಿದ. “ಹನ್ನೆರಡು ಗ್ರಾಂ ಕೂಡ ಇಲ್ವಲ್ಲೇ ಅಕ್ಕಾ!” ಎಂದು ಮೂರು ಸಲ ಹೇಳಿದ. ನರ್ಸ್ ಅಮ್ಮನ ಕೈ ಹಿಡಿದು ಒಂದು ಪಾಲಾದರೂ ತೆಗೆದುಕೊಳ್ಳಿ ಎಂದು ಬೇಡಿಕೊಂಡಳು.

“ನನ್ನ ಕೂಲಿ ನನಗೆ ಬಂತಮ್ಮ” ಎಂದು ಅಮ್ಮ ಅವಳ ಬೆನ್ನು ತಟ್ಟಿದಳು. “ನೀನು ಹೋಗಿ ಸ್ವಲ್ಪ ನಿದ್ದೆ ಮಾಡು.”

ಮುಂದಿನ ತಿಂಗಳು ನಾವಿಬ್ಬರೂ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಗಾಜಿನ ಹಿಂದೆ ನೀಲಿ ಬಟ್ಟೆಯ ಮೇಲೆ ಹಡಗು ಒಂಟಿಯಾಗಿ ನಿಂತಿತ್ತು. ಅಮ್ಮ ಎಷ್ಟು ಹೊತ್ತು ಅಲ್ಲೇ ನಿಂತಳೆಂದರೆ ಕಾವಲುಗಾರ ಹತ್ತಿರ ಬಂದು, “ಅಷ್ಟು ಚಿಕ್ಕದ್ರಲ್ಲಿ ಏನಮ್ಮಾ ನೋಡ್ತಿದೀರಿ?” ಎಂದು ಕೇಳಿದ.

ಅಮ್ಮ ಏನೂ ಇಲ್ಲಪ್ಪ ಎನ್ನುವಷ್ಟರಲ್ಲಿ ನಾನು ಬಾಯಿ ಹಾಕಿದೆ. ಗುಂಡಿ ಡಬ್ಬಿಯಿಂದ ಹಿಡಿದು ರಬ್ಬರ್ ಬಿಲ್ಲೆಯವರೆಗೂ ಒಂದೇ ಉಸಿರಿನಲ್ಲಿ ಹೇಳಿದೆ. ಕೋಣೆಯಲ್ಲಿದ್ದ ಏಳೆಂಟು ಜನ ಬಂದು ಸುತ್ತ ನಿಂತರು. ಅಮ್ಮ ನಾಚಿ ನನ್ನ ತೋಳು ಜಗ್ಗುತ್ತಲೇ ಇದ್ದಳು. ನಾನು ದನಿಯನ್ನು ಇನ್ನಷ್ಟು ಏರಿಸಿದೆ.