ಹೆಬ್ಬೆರಳಿನ ನಾಡಿ

ಯಾರದೋ ಮೊಣಕೈ — ಬೆಚ್ಚಗೆ, ಮೆತ್ತಗೆ, ಗಾರ್ಮೆಂಟ್ಸ್ ಹುಡುಗಿಯದಿರಬೇಕು, ಮುಡಿಯಲ್ಲಿ ಕನಕಾಂಬರ, ಕಿವಿಯಲ್ಲಿ ಇಯರ್‌ಫೋನು — ಸೀತಾಳ ತೋಳಿಗೆ ಒರಗಿತು, ಒರಗಿದ್ದು ಹಾಗೇ ಇತ್ತು, ಮೆಟ್ರೋ ದಾಸರಹಳ್ಳಿ ಬಿಟ್ಟು ಜಗ್ಗಿದಾಗ ಇನ್ನೊಂಚೂರು ಒರಗಿತು, ಸಾರಿ ಆಂಟಿ, ಪರವಾಗಿಲ್ಲಮ್ಮ ಇರಲಿ ಇರಲಿ — ಎರಡನೇ ಇರಲಿ ಸ್ವಲ್ಪ ಜೋರಾಯಿತೇನೋ, ಹುಡುಗಿ ಕೈ ತೆಗೆದೇಬಿಟ್ಟಳು. ದಾಸರಹಳ್ಳಿಯಿಂದ ನಾಗಸಂದ್ರಕ್ಕೆ ಒಂದೇ ಸ್ಟಾಪು, ಅಷ್ಟಕ್ಕೆ ಮೆಟ್ರೋನಾ, ನಡೆದ್ರೆ ಮಂಡಿಗೆ ಒಳ್ಳೇದಲ್ವಾ, ನೀನೇ ನರ್ಸು ಕಣೇ ಎಂದು ತುಮಕೂರಿನಿಂದ ಅಣ್ಣ ಜಯಸಿಂಹ ಫೋನಿನಲ್ಲಿ ರೇಗಿಸುತ್ತಾನೆ, ಮಂಡಿಗೆ ಒಳ್ಳೇದು ಹೌದು, ಆದರೆ ಫುಟ್‌ಪಾತಿನಲ್ಲಿ ಯಾರೂ ಯಾರಿಗೂ ಒರಗುವುದಿಲ್ಲ, ಇದನ್ನು ಹೆಂಡತಿ ಮಕ್ಕಳು ಮೊಮ್ಮಕ್ಕಳ ಮಧ್ಯೆ ಕೂತು ಕಾಲು ಒತ್ತಿಸಿಕೊಳ್ಳುವ ಅಣ್ಣನಿಗೆ ಹೇಳಿದರೆ ಅವನು ಬಿ.ಪಿ. ಚೆಕ್ ಮಾಡಿಸ್ಕೋ ಅಂದಾನು. ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ನರ್ಸಿಂಗ್ ಶಾಲೆಯ ಅಟೆಂಡರ್ ಯಮನಪ್ಪನ ಫೋನು, ಮೇಡಂರೀ ಬೊಂಬಿ ಬಂದೈತ್ರಿ, ಪೆಟ್ಟಗಿಯೊಳಗ ಮಕ್ಕೊಂಡಾಳ, ಕೃಪಾ ಮೇಡಮ್ಮಾರು ನಿಮಗ ಹೊಸಾ ಸೀರಿ ಉಟ್ಗೊಂಡು ಬರಾಕ ಹೇಳ್ಯಾರ — ಯಾಕಯ್ಯ ಹೊಸ ಸೀರೆ, ನಾನು ಮಲಗೋಕೆ ತಾನೇ ಬರೋದು, ಹಳೇದೇ ವಾಸಿ — ಯಮನಪ್ಪ, ಮಾತಿನಲ್ಲಿ ಹಿಂದೆಮುಂದೆ ನೋಡದ ಬಿಜಾಪುರದವನು, ಆ ಕಡೆ ಗಂಟಲು ಸರಿಮಾಡಿಕೊಂಡು ಇವತ್ತ ಮಕ್ಕೊಳ್ಳೂದಿಲ್ರಿ ಮೇಡಂ ಅಂದ, ಅಷ್ಟರಲ್ಲಿ ಹಾಲು ಒಲೆಯ ಪಾಲಾಗಿತ್ತು.

ನಾಗಸಂದ್ರದಲ್ಲಿ ಇಳಿದರೆ ಎಸ್ಕಲೇಟರು, ಪಕ್ಕದ ದೊಡ್ಡ ಫರ್ನಿಚರ್ ಅಂಗಡಿಗೆ ಸೋಫಾ ಕೊಳ್ಳಲು ಬಂದ ಜೋಡಿಗಳು, ಕೈಗೆ ಕೈ, ಬೆರಳಿಗೆ ಬೆರಳು, ಇನ್ನೂ ಕೂತೇ ನೋಡದ ಸೋಫಾ ಮೇಲೆ ಆಗಲೇ ಜಗಳ, ಗ್ರೇ ಬೇಡ ಕಣೋ ಧೂಳು ಕಾಣತ್ತೆ, ಧೂಳು ಎಲ್ಲದರಲ್ಲೂ ಕಾಣತ್ತಮ್ಮಾ ಇದು ಪೀಣ್ಯ, ಎಂದು ಹೇಳಬೇಕೆನಿಸಿ ಹೇಳದೆ ಆಟೋ ಹತ್ತಿದಳು. ಕಬ್ಬಿಣ ಕೊರೆಯುವ ವಾಸನೆ, ಸುಟ್ಟ ಗ್ರೀಸು, ದಾರಿಯುದ್ದಕ್ಕೂ ಶೆಡ್ಡುಗಳು, ಅವುಗಳಲ್ಲೊಂದು — ಮೊದಲು ನಟ್ಟು ಬೋಲ್ಟು ಮಾಡುತ್ತಿದ್ದದ್ದು — ಈಗ ಸರ್ಕಾರಿ ನರ್ಸಿಂಗ್ ಶಾಲೆ, ಗೋಡೆಗೆ ಆಕಾಶನೀಲಿ ಬಳಿದಿದ್ದಾರೆ, ಮಳೆ ಬಂದರೆ ನೀಲಿಯ ಒಳಗಿಂದ ಹಳೇ ಎಣ್ಣೆಯ ಕಲೆ ಇಣುಕುತ್ತದೆ. ಆಸ್ಪತ್ರೆಗಳಲ್ಲಿ ನರ್ಸುಗಳಿಲ್ಲ, ವಾರ್ಡಿಗೊಬ್ಬಳೂ ಇಲ್ಲ, ಬಡ ಹೆಣ್ಣುಮಕ್ಕಳನ್ನು ಸರ್ಕಾರವೇ ಓದಿಸಬೇಕು ಅಂತ ಯಾರೋ ಪುಣ್ಯಾತ್ಮರು ಫೈಲಿನಲ್ಲಿ ಬರೆದರು, ಫೀಸಿಲ್ಲ, ಹಾಸ್ಟೆಲ್ಲಿದೆ, ತಿಂಗಳ ಭತ್ಯೆ ಇದೆ, ಕಟ್ಟಡಕ್ಕೆ ಹಣ ಬಂತು, ಮಂಚಕ್ಕೆ ಬಂತು, ಮಂಚದ ಮೇಲಿನ ಹಾಸಿಗೆಗೂ ಬಂತು, ಕಲಿಯೋಕೆ ಒಂದು ಮೈ ಮಾತ್ರ ಬರಲಿಲ್ಲ. ನರ್ಸುಗಳ ದಿನ ಅಂತ ಸೀತಾಳನ್ನು ಭಾಷಣಕ್ಕೆ ಕರೆದಿದ್ದರು, ಕಾರ್ಖಾನೆ ಆಸ್ಪತ್ರೆಯ ನಿವೃತ್ತ ಹೆಡ್ ನರ್ಸು, ಸೇವೆ ತ್ಯಾಗ ದೀಪ ಎಲ್ಲಾ ಮಾತಾಡಿ ಒಳಗೆ ಬಂದು ನೋಡಿದರೆ ಹುಡುಗಿಯರು ದಿಂಬಿಗೆ ಸ್ನಾನ ಮಾಡಿಸುತ್ತಿದ್ದರು, ಒಬ್ಬಳು ದಿಂಬಿನ ಕಂಕುಳು ಎಲ್ಲಿ ಬರತ್ತೆ ಮೇಡಂ ಅಂತ ಕೃಪಾಳನ್ನು ಕೇಳುತ್ತಿದ್ದಳು, ಕೃಪಾ — ಇಡೀ ಶಾಲೆಗೆ ಇರುವ ಒಬ್ಬಳೇ ಟ್ಯೂಟರು, ಇನ್ನೂ ಮೂವತ್ತು ದಾಟಿಲ್ಲ, ಆಗಲೇ ತಲೆ ಅರ್ಧ ನೆರೆತಿದೆ — ಅಂದಾಜು ಮಾಡ್ಕೊಳಮ್ಮ ಅಂದಳು. ಸೀತಾ ಚಪ್ಪಲಿ ಬಿಟ್ಟಳು, ಕನ್ನಡಕ ತೆಗೆದಳು, ಮಂಚ ಹತ್ತಿ ಮಲಗಿದಳು. ಬನ್ರೇ, ಅಂದಾಜು ಬೇಡ.

ಅವತ್ತಿನಿಂದ ಮಂಗಳವಾರ, ಶುಕ್ರವಾರ. ಬಿಸಿನೀರಿನ ಬೋಗುಣಿ, ಲೈಫ್‌ಬಾಯ್ ಸೋಪು, ಎಷ್ಟೋ ಜೊತೆ ಎಳೆ ಕೈಗಳು ಬಳೆ ತೆಗೆದು, ಮೊಣಕೈವರೆಗೆ ತೋಳು ಮಡಿಸಿ ನಿಂತಿರುತ್ತವೆ, ಮೇಡಂ ಕೈ ಒರೆಸ್ತಾ ಇದೀವಿ, ಮೇಡಂ ಎಡಕ್ಕೆ ತಿರುಗಿಸ್ತಾ ಇದೀವಿ — ಮುಟ್ಟೋಕೆ ಮುಂಚೆ ಹೇಳಿ, ಹೇಳದೆ ಮುಟ್ಟಿದರೆ ಅದು ಮೈ ಅಲ್ಲ ಮೂಟೆ, ಅಂತ ಹೇಳಿಕೊಟ್ಟವಳು ಅವಳೇ — ಆಮೇಲೆ ಕಾಲ್ಬೆರಳ ಸಂದಿ, ಯಾರೂ ಮರೆಯಬಾರದು ಆ ಜಾಗ, ಹುಡುಗಿಯರು ಮರೆಯುವುದೂ ಇಲ್ಲ, ಒಂದೊಂದೇ ಬೆರಳು ಬಿಡಿಸಿ ಒರೆಸುತ್ತಾರೆ, ಆಗ ಸೀತಾ ಸೂರಿನ ತಗಡು ನೋಡುತ್ತಾ ಹೀಗಲ್ಲ ಇನ್ನೊಂದ್ಸಲ ಮಾಡು ಅನ್ನುತ್ತಾಳೆ, ಮಾಡಿದ್ದು ಸರಿಯಾಗೇ ಇರುತ್ತದೆ. ಎಷ್ಟು ಮೈ ಒರೆಸಿಲ್ಲ ಅವಳು, ಎರಡನೇ ಶಿಫ್ಟಿನ ಸೈರನ್ನಿಗೆ ಬೆರಳು ಕತ್ತರಿಸಿಕೊಂಡು ಬಂದ ಲೇತ್ ಆಪರೇಟರು, ಹೆರಿಗೆ ಕಷ್ಟವಾದ ಕ್ವಾರ್ಟರ್ಸಿನ ಹೆಂಗಸರು, ಸಾಯುವ ಹೊತ್ತಿಗೆ ಕೈ ಬಿಡದ ಫೋರ್‌ಮನ್ನು, ಊರಿನ ಮೈಯೆಲ್ಲ ಅವಳ ಕೈಲಿ, ಅವಳ ಮೈ ಮಾತ್ರ ಅವಳ ಕೈಲೇ. ಗಂಡುಗಳು ಬಂದರು, ಬರಲಿಲ್ಲ ಅನ್ನುವಂತಿಲ್ಲ, ಮಲ್ಲೇಶ್ವರದಿಂದ ಒಬ್ಬ ಬ್ಯಾಂಕಿನವ ಬಂದು ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು, ಗಂಡಸರ ಮೈ ಮುಟ್ಟೋ ಕೆಲಸ ಅಲ್ವೇ, ನಮ್ಮ ತಾಯಿ ಸ್ವಲ್ಪ ಮಡಿ, ಅಂತ ಕೇಸರಿಬಾತಿನವರೆಗೂ ಕಾದು ಹೇಳಿದ, ಅದೇ ಮಹಾನುಭಾವ ಹತ್ತಾರು ವರ್ಷದ ಮೇಲೆ ಭಾವನ ಕಾರ್ಖಾನೆ ಕಾರ್ಡಿನ ಮೇಲೆ ಹೊಟ್ಟೆ ಹಿಡಿದುಕೊಂಡು ಬಂದಾಗ ಎನಿಮಾ ಕೊಟ್ಟವಳು ಇವಳೇ, ಗುರುತು ಸಿಗಲಿಲ್ಲ ಪಾಪ, ತಾಯೀ ನಿಮ್ಮ ಕೈ ತಣ್ಣಗಿರಲಿ ಅಂದ, ತಾಯಿ ಅಂದನಲ್ಲ, ಮಡಿ ಕೆಡಲಿಲ್ಲ.

ವೇಣಿ. ಅತ್ತಿಬೆಲೆ ಕಡೆಯ ಹುಡುಗಿ, ಅಪ್ಪ ಸೊಣ್ಣಪ್ಪ ನೀರಿನ ಟ್ಯಾಂಕರ್ ಓಡಿಸುತ್ತಾನೆ, ಹಿಂದೆ ರಾಗಿ ಬೆಳೆದ ಹೊಲದ ಮೇಲೆ ಈಗ ಎದ್ದ ಅಪಾರ್ಟ್‌ಮೆಂಟಿಗೇ ನೀರು ಹಾಕುತ್ತಾನೆ. ಅಜ್ಜಿ ಆಸ್ಪತ್ರೇಲಿ ಸಿಸ್ಟ್ರೇ ಸಿಸ್ಟ್ರೇ ಅಂತ ಬೆಳಗಾಗಗಂಟ ಕೂಗ್ತು ಮೇಡಂ, ಇದ್ದ ಒಬ್ರೇ ಸಿಸ್ಟ್ರು ಮೂರು ವಾರ್ಡಿಗೂ ಓಡಾಡ್ತಿದ್ರು, ಅವ್ರ್ ಮೇಲೆ ಕ್ವಾಪ ಮಾಡ್ಕೊಳ್ಳಾಕೂ ಆಗ್ನಿಲ್ಲ ನಂಗೆ, ಅವ್ರೂ ಅಳ್ತಿದ್ರು, ಅದ್ಕೇ ಬಂದೆ. ಆ ವೇಣಿ ಮೊದಲ ದಿನ ಸೀತಾಳ ಮಣಿಕಟ್ಟು ಹಿಡಿದು ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸಿ, ನೂರಾ ಹತ್ತು ಮೇಡಂ ಅಂದಳು, ಹುಡುಗಿಯರೆಲ್ಲ ಗಾಬರಿ, ಕೃಪಾ ಓಡಿಬಂದಳು. ಅದು ನಿಂದು ಕಣೇ. ನಂದಾ? ಹೆಬ್ಬೆರಳಿಗೆ ಅದರದೇ ನಾಡಿ ಇರತ್ತೆ ಮಗಳೇ, ಹೆದರಿ ಹೊಡ್ಕೊಳ್ತಿರೋದು ನಿನ್ನೆದೆ, ನೀನು ಎಣಿಸಿದ್ದು ನಿನ್ನನ್ನೇ, ನಾನು ಸತ್ತು ಮಲಗಿದ್ರೂ ನೀನು ನೂರಾ ಹತ್ತು ಅಂತಿದ್ದೆ, ಎರಡು ಬೆರಳಿಡು, ತೋರು, ನಡು, ಹಾಂ, ಈಗ ಸುಮ್ನಿರು, ನೀನು ಸುಮ್ಮನಾದ್ರೆ ನಾನು ಸಿಗ್ತೀನಿ. ಇಂಗಾ ಮೇಡಂ? ಹಂಗೇ. ಆದರೂ ವೇಣಿಯ ಹೆಬ್ಬೆರಳು ಮತ್ತೆ ಮತ್ತೆ ತಾನೇ ಮುಂದೆ ಬರುತ್ತಿತ್ತು, ಹೆಬ್ಬೆರಳು ತೆಗಿಯೇ ಅನ್ನುವ ಮುಂಚೆ ಸೀತಾ ಒಂದಷ್ಟು ಹೊತ್ತು ಸುಮ್ಮನಿರುತ್ತಿದ್ದಳು, ದಪ್ಪನೆಯ, ಬೆಚ್ಚನೆಯ, ದಡಬಡ ಓಡುವ ಆ ಹೆಬ್ಬೆರಳು, ತನ್ನ ಮಣಿಕಟ್ಟಿನ ಮೇಲೆ ಇನ್ಯಾರದೋ ಜೀವ.

ಬೊಂಬೆ ಕೇಳಿದವಳೂ ತಾನೇ, ಅದು ಇನ್ನೂ ಚೆಂದ. ಅನುದಾನ ಹೇಗೆ ಖರ್ಚಾಯಿತು ನೋಡಲು ಸಮಿತಿ ಬಂದಿತ್ತು, ಸಫಾರಿ ಹಾಕಿದ ಅಧಿಕಾರಿ, ಹನುಮಂತರಾಯಪ್ಪ ಅಂತ, ಎಲ್ಲಾ ಇದೆಯಲ್ಲಮ್ಮ ಇನ್ನೇನು, ಪ್ರಾಕ್ಟಿಕಲ್ ಯಾತರ ಮೇಲೆ ಮಾಡ್ತೀರಿ ಅಂದ. ನನ್ನ ಮೇಲೆ ಸಾರ್, ಎಂದಳು ಮಂಚದಿಂದಲೇ. ಅವನು ನಕ್ಕ, ನಕ್ಕವನು ಅವಳು ಎದ್ದು ಕೂರುವುದನ್ನು, ಕೂರಲು ಪಟ್ಟ ಕಷ್ಟವನ್ನು ನೋಡಿ ನಗು ನುಂಗಿದ. ನನಗೆ ಸೂಜಿ ಎಷ್ಟು ಸಲ ಚುಚ್ತಾರೆ ಸಾರ್, ನಳಿಗೆ ಎಲ್ಲಿಂದ ಹಾಕ್ತಾರೆ, ನಿಂತ ಎದೆ ಒತ್ತಿ ಓಡಿಸೋದು ಓಡ್ತಿರೋ ಎದೆ ಮೇಲೆ ಕಲಿಯೋಕಾಗಲ್ಲ, ಮೊನ್ನೆ ಒಬ್ಬಳು ಉತ್ಸಾಹಕ್ಕೆ ಒತ್ತಿ ಪಕ್ಕೆ ಇನ್ನೂ ಹಿಡಕೊಂಡಿದೆ, ಇವರು ನಾಳೆ ವಾರ್ಡಿಗೆ ಹೋಗಿ ನಿಜವಾದವರ ಮೇಲೆ ಕಲೀಬೇಕಾ? ಪ್ರಾಕ್ಟಿಕಲ್ಲಿಗೆ ಅಂತಲೇ ಆಳೆತ್ತರದ ಬೊಂಬೆ ಬರತ್ತಲ್ಲ ಸಾರ್, ಅದೊಂದು ಕೊಡಿಸಿ. ಚೆನ್ನಾಗಿ ಮಾತಾಡಿದಳು, ಈಗಲೂ ಅನ್ನಿಸುತ್ತದೆ, ಒಂದಕ್ಷರ ಸುಳ್ಳಿರಲಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟಿದ್ದರು. ಅವತ್ತು ಮನೆಗೆ ಹೋಗಿ ದೇವರಿಗೆ ದೀಪ ಹಚ್ಚಿ, ಬೊಂಬೆ ಬೇಗ ಬರಲಿ ಅಂತ ಬೇಡಿಕೊಂಡು, ಅರ್ಧ ಬೇಡಿ ನಿಲ್ಲಿಸಿದ್ದಳು.

ಬೇಗ ಬಂತು. ಸರ್ಕಾರದ ಕೆಲಸ ಬೇಗ ಆಗಿದ್ದು ಇದೊಂದೇ. ಆಟೋ ನಿಂತಿತು, ಗೇಟಿಗೆ ಮಾವಿನೆಲೆ, ಯಮನಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾನೆ, ಬರ್ರಿ ಮೇಡಂ, ನಿಮ್ಮ ಸವತಿನ್ನ ನೋಡ ಬರ್ರಿ, ಎಂದು ತಾನೇ ನಕ್ಕು, ಅವಳು ನಗದಿದ್ದಕ್ಕೆ ನಾಲಿಗೆ ಕಚ್ಚಿಕೊಂಡ. ಬೊಂಬೆ ಅಲ್ಲಿದ್ದಾಳೆ, ಸೀತಾಳ ಮಂಚದ ಮೇಲೆ, ಗುಲಾಬಿ ಬಿಳುಪು, ನೀಲಿ ಕಣ್ಣು, ಪೀಣ್ಯದಲ್ಲಿ ಯಾವತ್ತೂ ಕಾಯಿಲೆ ಬೀಳದ ಬಣ್ಣ, ಕೊರಳಿಗೆ ಚೆಂಡುಹೂವಿನ ಹಾರ, ಹುಡುಗಿಯರು ಪ್ರಿಯಂವದಾ ಅಂತ ಹೆಸರಿಟ್ಟಿದ್ದಾರೆ, ಬೈಯಲ್ಲ ಮೇಡಂ ಇವ್ರು, ಅದ್ಕೇ. ಸೀತಾಳಿಗೂ ಹಾರ, ಶಾಲು, ಮೈಸೂರು ಪೇಟ — ಪೇಟ ಕಿವಿವರೆಗೆ ಇಳಿಯಿತು — ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ, ಬೊಂಬೆಯ ಪಕ್ಕ ನಿಲ್ಲಿಸಿ ಫೋಟೋ, ಮೇಡಂ ಸ್ಮೈಲ್, ಇಬ್ಬರಲ್ಲಿ ಚೆನ್ನಾಗಿ ನಕ್ಕಿದ್ದು ಪ್ರಿಯಂವದಾ. ಕೃಪಾ ಭಾಷಣದಲ್ಲಿ ಅತ್ತಳು, ನಿಜವಾಗಿ ಅತ್ತಳು, ನಮ್ಮ ಶಾಲೆಯ ಮೊದಲ ಬೊಂಬೆ ಸೀತಾ ಮೇಡಂ, ಇನ್ನಾದರೂ ಅವರು ಮನೇಲಿ ಹಾಯಾಗಿ ರೆಸ್ಟ್ ತಗೊಳ್ಳಲಿ. ಚಪ್ಪಾಳೆ. ಮಂಗಳವಾರ ಸುಮ್ನೆ ಬಂದು ಹೋಗಿ ಅನ್ನುತ್ತಾಳೇನೋ ಎಂದು ಸೀತಾ ಚಪ್ಪಾಳೆ ಮುಗಿಯುವವರೆಗೂ ಅವಳ ಬಾಯನ್ನೇ ನೋಡಿದಳು, ಮುಗಿಯಿತು, ಕೃಪಾ ವಂದನಾರ್ಪಣೆಗೆ ಮೈಕು ದಾಟಿಸಿದಳು. ಕೇಳಬಹುದಿತ್ತು, ಬರ್ಲೇನಮ್ಮ ಅಂತ, ಎರಡು ಮಾತು, ಅದರ ಬದಲು ಕಿವಿಗಿಳಿದ ಪೇಟವನ್ನು ಮೇಲೆ ತಳ್ಳಿಕೊಂಡಳು.

ಊಟಕ್ಕೆ ಹೊರಡುವ ಗದ್ದಲದಲ್ಲಿ ವೇಣಿ ಬಂದು ಕೇಳದೆ — ಅಲ್ಲ, ಕೇಳಿಯೇ, ಮೇಡಂ ಕೈ ಇಡೀತೀನಿ — ಮಣಿಕಟ್ಟು ಹಿಡಿದಳು, ಎರಡು ಬೆರಳು, ಹಗುರ, ಹೆಬ್ಬೆರಳು ಶಿಸ್ತಾಗಿ ಕೆಳಗೆ, ಗೋಡೆ ಗಡಿಯಾರ ನೋಡಿ, ತುಟಿ ಅಲುಗಿಸದೆ, ಎಂಬತ್ತೆಂಟು ಮೇಡಂ, ಒಸಿ ಜಾಸ್ತಿ ಐತೆ, ಸುಸ್ತಾ? ಸರಿಯಾಗಿತ್ತು. ಎಲ್ಲಾ ಸರಿಯಾಗಿತ್ತು. ಈ ಹುಡುಗಿಗೆ ಇನ್ನು ಯಾರ ನಾಡಿಯೂ ತಪ್ಪುವುದಿಲ್ಲ, ಯಾವ ಅಜ್ಜಿಯೂ ಬೆಳಗಾಗುವವರೆಗೆ ಕೂಗಬೇಕಾಗಿಲ್ಲ, ಇದಕ್ಕೇ ತಾನೇ ಮಲಗಿದ್ದು — ಜಾಣೆ ಹೋಗು, ಬಿಸಿಬೇಳೆಬಾತು ಖಾಲಿಯಾಗತ್ತೆ, ನಾನು ಬ್ಯಾಗು ತಗೊಂಡು ಬರ್ತೀನಿ.

ಖಾಲಿ ಕೋಣೆ, ತಗಡಿನ ಮೇಲೆ ಕಾಗೆಯ ಕಾಲು, ದೂರದಲ್ಲಿ ಯಾವುದೋ ಪ್ರೆಸ್ಸು ಧಡ್ ಧಡ್. ಬೊಂಬೆಗೆ ನಾಡಿ ಇದೆಯಂತೆ, ಕರೆಂಟು ಕೊಟ್ಟರೆ ಹೊಡೆಯುತ್ತದಂತೆ, ಬೇಕಾದಷ್ಟಕ್ಕೆ ಏರಿಸಿ ಇಳಿಸಬಹುದಂತೆ, ಚಾರ್ಜರಿನ ಹಣ ಮಾತ್ರ ಬೇರೆ ಬಾಬತ್ತಿನಲ್ಲಿ ಬರಬೇಕು ಅಂತ ಯಮನಪ್ಪ ಆಗಲೇ ಹಲ್ಲು ಕಿರಿದಿದ್ದ. ಹಾಸಿಗೆಯಲ್ಲಿ ತನ್ನ ಮೈಯ ತಗ್ಗು ಇನ್ನೂ ಇದೆ, ಬೊಂಬೆ ಅದರಲ್ಲಿ ಸರಿಯಾಗಿ ಕೂತಿಲ್ಲ, ಒಂದು ಭುಜ ಮೇಲೆ ನಿಂತಿದೆ, ಪ್ರಿಯಂವದಾ, ಎಡಕ್ಕೆ ತಿರುಗಿಸ್ತಾ ಇದೀನಿ, ಎಂದು ಹೇಳಿ ತಿರುಗಿಸಿದಳು, ದಿಂಬು ಸರಿಮಾಡಿದಳು, ಹಾರ ತೆಗೆದಳು, ಮಲಗಿದವರಿಗೆ ಹಾರ ಹಾಕ್ತಾರೇನ್ರೇ, ಕೈ ಒರೆಸ್ತೀನಿ, ನೀರಿಲ್ಲ, ಇರಲಿ, ಕೈ ಹಿಡೀತೀನಿ — ರಬ್ಬರಿನ ಮಣಿಕಟ್ಟು ತಣ್ಣಗೆ, ಎರಡು ಬೆರಳು ಅಭ್ಯಾಸಕ್ಕೆ ತಾವೇ ಹೋದವು, ತೋರು, ನಡು, ಏನೂ ಇಲ್ಲ, ಒತ್ತಿದಳು, ಏನೂ ಇಲ್ಲ. ಆಮೇಲೆ ಎರಡನ್ನೂ ಎತ್ತಿ ಹೆಬ್ಬೆರಳು ಇಟ್ಟಳು. ಇತ್ತು. ಮೆತ್ತಗೆ, ಆಮೇಲೆ ಗಟ್ಟಿಯಾಗಿ, ದಪ್ಪನೆ, ಬೆಚ್ಚನೆ, ಮೇಡಂ ಬರ್ರೀ ಮೊಸರನ್ನ ಖಾಲಿ ಆಗಾಕತ್ತೈತಿ ಅಂತ ಬಾಗಿಲಾಚೆಯಿಂದ ಯಮನಪ್ಪ, ಬಂದೆ ಕಣಯ್ಯ, ಪೇಷೆಂಟ್ ನೋಡ್ತಿದೀನಿ, ಬಂದೆ, ಹೆಬ್ಬೆರಳು ತೆಗಿಯೇ ಅನ್ನುವವರು ಯಾರೂ ಇಲ್ಲದ ಆ ಕೋಣೆಯಲ್ಲಿ ರಬ್ಬರಿನ ಮಣಿಕಟ್ಟಿನ ಮೇಲೆ ಹೆಬ್ಬೆರಳು, ಹೆಬ್ಬೆರಳಿನ ಕೆಳಗೆ ಡಬ್, ಡಬ್, ಹೆಬ್ಬೆರಳು,