ತಟ್ಟೆ ಖಾಲಿ, ಲೆಕ್ಕ ಸರಿ

ನಾನು ಹುಟ್ಟಾ ಪುಕ್ಕಲು. ಹೀಗೆಂದರೆ ಆಸ್ಪತ್ರೆಯಲ್ಲಿ ಯಾರೂ ನಂಬುವುದಿಲ್ಲ. ಹದಿನೆಂಟು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದೇನೆ, ತೆರೆದ ಹೊಟ್ಟೆ ನೋಡಿ ಮುಖ ತಿರುಗಿಸಿದವಳಲ್ಲ. ಅಲ್ಲಿ ಹೆದರಿಕೆಯಾಗುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲಕ್ಕೂ ಲೆಕ್ಕವಿದೆ. ಹೊಲಿಗೆ ಹಾಕುವ ಮೊದಲು ಕತ್ತರಿ, ಚಿಮಟ, ಬಟ್ಟೆಯ ತುಂಡು ಎಲ್ಲವನ್ನೂ ಎಣಿಸಿ ನಾನು ‘ಲೆಕ್ಕ ಸರಿ’ ಎನ್ನಬೇಕು. ಎದುರು ನಿಂತ ನರ್ಸ್ ತಾನೂ ಎಣಿಸಿ ‘ಲೆಕ್ಕ ಸರಿ’ ಎನ್ನಬೇಕು. ಆಮೇಲೆಯೇ ಡಾಕ್ಟರು ಸೂಜಿ ಹಿಡಿಯುವುದು. ಆ ಬಾಗಿಲು ದಾಟಿ ಹೊರಬಂದೆನೆಂದರೆ, ಗ್ಯಾಸ್ ಒಲೆ ಹಚ್ಚುವಾಗಲೂ ಒಂದು ಹೆಜ್ಜೆ ಹಿಂದೆ ನಿಂತು ಕೈ ಚಾಚುವ ಹೆಂಗಸು ನಾನು.

ಅಂಥವಳು ಇಪ್ಪತ್ತೊಂದು ವರ್ಷ ಹಳೆಯ ಕಾರಿನ ಮುಂದಿನ ಚಕ್ರಗಳನ್ನು ಬಿಚ್ಚಿ ಕೂತದ್ದು ಅಪ್ಪನ ಹಟಕ್ಕೆ. ಅಪ್ಪ ನಲವತ್ತು ವರ್ಷ ಬಸ್ಸು ಓಡಿಸಿದವರು. ಡಿಪೋದಲ್ಲಿ ಅವರಿಗೆ ನಿಧಾನಪ್ಪ ಎಂದೇ ಹೆಸರು. ಈಗ ಅವರ ಎರಡೂ ಕೈ ನಡುಗುತ್ತವೆ, ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುತ್ತೇವೆ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ: ಅಪ್ಪ, ನಾನು, ತಂಗಿ. ತಂಗಿ ಬೆಟ್ಟದ ಕೆಳಗಿನ ಶಾಲೆಯಲ್ಲಿ ಟೀಚರು. ದಿನವೂ ಹನ್ನೊಂದು ತಿರುವು ಇಳಿದು, ಹನ್ನೊಂದು ತಿರುವು ಹತ್ತಿ ಬರುತ್ತಾಳೆ, ಅದೇ ಕಾರಿನಲ್ಲಿ.

ಒಂದು ತಿಂಗಳಿಂದ ಕಾರು ಹಳ್ಳ ಕಂಡಲ್ಲೆಲ್ಲ ಕಟಕಟ ಎನ್ನುತ್ತಿತ್ತು. ಬ್ರೇಕು ಒತ್ತಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಗ್ಯಾರೇಜಿನವನು ಮೂರು ವಾರ ಬಿಟ್ಟು ಬನ್ನಿ ಎಂದ. ಬಸ್ಸೆಂದರೆ ಎರಡು ಕಡೆ ಇಳಿದು ಹತ್ತಬೇಕು. ತಂಗಿ ಗೊಣಗುತ್ತಿದ್ದಾಗ ಅಪ್ಪ ಎದೆ ಸೆಟೆಸಿ ಹೇಳಿದರು, “ನಾನು ಹೇಳ್ತೀನಿ, ದೊಡ್ಡವಳು ಮಾಡ್ತಾಳೆ. ಎರಡು ದಿನದ ಕೆಲ್ಸ.”

“ಒಬ್ರಿಗೆ ಕೈ ನಡುಗುತ್ತೆ, ಇನ್ನೊಬ್ರಿಗೆ ಎದೆ ನಡುಗುತ್ತೆ. ಒಳ್ಳೇ ಗ್ಯಾರೇಜು!” ಎಂದು ತಂಗಿ ನಕ್ಕಳು. ಆಮೇಲೆ ಅಡುಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು, “ಅಪ್ಪ ಹೇಳಿದ್ದನ್ನೆಲ್ಲ ಕೇಳ್ಬೇಡ ಕಣೇ. ಈಚೆಗೆ ಅವ್ರಿಗೆ ಮರೆವು ಜಾಸ್ತಿಯಾಗಿದೆ,” ಎಂದಳು. ಅವಳ ಪಿಸುಮಾತು ಕ್ಲಾಸಿನ ಕೊನೇ ಬೆಂಚಿಗೂ ಮುಟ್ಟುವಂಥದ್ದು. ಹಾಲ್‌ನಲ್ಲಿ ಪೇಪರು ಹಿಡಿದಿದ್ದ ಅಪ್ಪ ಪುಟ ತಿರುಗಿಸುವುದನ್ನು ನಿಲ್ಲಿಸಿದ್ದು ನನಗೆ ಕಂಡಿತು. ಮೈ ಕೈ ಸೋತದ್ದಕ್ಕೆ ಅವರು ತಲೆ ಕೆಡಿಸಿಕೊಂಡವರಲ್ಲ, ತಲೆ ಸೋತಿತೆಂದರೆ ಮಾತ್ರ ಅವರಿಗೆ ಜೀವ ಹೋದಂತೆ.

ಶನಿವಾರ ಬಲಗಡೆಯ ಚಕ್ರ. ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದದ್ದಾಯಿತು. ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂತು ಒಂದೊಂದೇ ಹೇಳುವುದು, ನಾನು ಮಾಡುವುದು. ಬಿಚ್ಚಿದ ಬೋಲ್ಟುಗಳನ್ನೆಲ್ಲ ಆಸ್ಪತ್ರೆಯಿಂದ ತಂದ ಹಳೆಯ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಶಾಕ್ ಅಬ್ಸಾರ್ಬರಿನ ಸುತ್ತ ಇರುವ ದಪ್ಪ ಸ್ಪ್ರಿಂಗನ್ನು ಎರಡು ಉದ್ದನೆಯ ಸ್ಕ್ರೂಗಳಿಂದ ಅದುಮಿ ಹಿಡಿದು ತೆಗೆಯಬೇಕಿತ್ತು. ಅಪ್ಪ ಆಗ ನಗುವುದನ್ನು ಬಿಟ್ಟರು.

“ಅದರ ಎದುರಿಗೆ ಮುಖ ತರ್ಬೇಡ. ಪಕ್ಕಕ್ಕೆ ಬಾ. ಇನ್ನೂ ಪಕ್ಕಕ್ಕೆ. ಅದು ಹಾರಿದ್ರೆ ದವಡೆ ಹುಡುಕ್ಬೇಕಾಗುತ್ತೆ.”

ಒಂದು ಸುತ್ತು ಆ ಕಡೆ, ಒಂದು ಸುತ್ತು ಈ ಕಡೆ. ಸ್ಪ್ರಿಂಗು ಕಿರ್ ಎಂದು ನರಳಿದಾಗಲೆಲ್ಲ ನಾನು ಕೈ ಹಿಂದೆಳೆದುಕೊಳ್ಳುತ್ತಿದ್ದೆ. ಅಂಗೈ ಬೆವರಿ ಸ್ಪ್ಯಾನರು ಜಾರಿತು. ಸಾಕಪ್ಪಾ, ನನ್ನ ಕೈಲಾಗಲ್ಲ ಎಂದು ಎರಡು ಸಲ ಎದ್ದೆ. ಎರಡು ಸಲವೂ ಅಪ್ಪ ಕಾದರು. ನಾನೇ ಮತ್ತೆ ಕೂತೆ.

ಜೋಡಿಸುವಾಗ ಅಪ್ಪ ತಮ್ಮ ಟಾರ್ಕ್ ರೆಂಚ್ ತೆಗೆದುಕೊಟ್ಟರು. ಅದರಲ್ಲಿ ಬಿಗಿ ಎಷ್ಟಿರಬೇಕೆಂದು ಮೊದಲೇ ತಿರುಗಿಸಿ ಇಡಬಹುದು. ಬೋಲ್ಟು ಅಷ್ಟು ಬಿಗಿಯಾದ ಕೂಡಲೇ ರೆಂಚು ಟಕ್ ಎಂದು ಸದ್ದು ಮಾಡುತ್ತದೆ. ಚಕ್ರದ ಒಳಗೆ ಒಂದು ಪಕ್ಕಕ್ಕೆ ಐದು ದೊಡ್ಡ ಬೋಲ್ಟು. ಕೊನೆಯ ಎರಡು ಬ್ರೇಕ್ ಕ್ಯಾಲಿಪರಿನವು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಚಕ್ರವನ್ನು ನಿಲ್ಲಿಸುವ ಕಬ್ಬಿಣದ ಹಿಡಿ ಅದು. ಐದು ಸಲ ಟಕ್ ಎಂದಿತು. ತಟ್ಟೆ ಖಾಲಿಯಾಗಿತ್ತು. ಅಭ್ಯಾಸಬಲದಿಂದ ನಾನು “ಲೆಕ್ಕ ಸರಿ” ಎಂದೆ. ಅಪ್ಪನಿಗೆ ಅದು ಬಹಳ ಹಿಡಿಸಿತು. ಅವರೂ ಗಂಭೀರವಾಗಿ “ಲೆಕ್ಕ ಸರಿ, ಸಿಸ್ಟರ್” ಎಂದರು.

ಭಾನುವಾರ ಎಡಗಡೆಯದು. ಹಿಂದಿನ ದಿನದ ಧೈರ್ಯವಿತ್ತು, ಕೆಲಸ ಬೇಗ ಸಾಗಿತು. ಹೊಸ ಬ್ರೇಕ್ ಪ್ಯಾಡು ಕೂರಿಸಿ, ಕ್ಯಾಲಿಪರು ಎತ್ತಿ ಹಿಡಿದು, ಕೊನೆಯ ಎರಡು ಬೋಲ್ಟುಗಳನ್ನು ಬೆರಳಿನಿಂದ ತಿರುಗಿಸಿ ಸಿಕ್ಕಿಸಿದ್ದೆ. ಹಿಂದೆ ಧಡ್ ಎಂದು ಸದ್ದಾಯಿತು. ನೀರು ಕುಡಿಯಲು ತಾವೇ ಎದ್ದ ಅಪ್ಪ ಮೆಟ್ಟಿಲ ಬಳಿ ಬಿದ್ದಿದ್ದರು. ಓಡಿಹೋಗಿ ಎತ್ತಿದೆ, ಮೂಳೆ ಮುಟ್ಟಿ ಮುಟ್ಟಿ ನೋಡಿದೆ, ಒಳಗೆ ಕರೆದುಕೊಂಡು ಹೋಗಿ ಮಲಗಿಸಿ ಮಂಡಿಗೆ ಔಷಧಿ ಹಚ್ಚಿದೆ. ಅರ್ಧ ಗಂಟೆಯ ಮೇಲೆ ಅಂಗಳಕ್ಕೆ ಬಂದೆ. ತಟ್ಟೆ ನೋಡಿದೆ. ಖಾಲಿಯಿತ್ತು. ಚಕ್ರ ಹಾಕಿ, ಅದರ ನಟ್ಟುಗಳನ್ನು ಕೈ ಸ್ಪ್ಯಾನರಿನಿಂದ ಬಿಗಿದು, ಕಿಟಕಿಯತ್ತ ಕೂಗಿ “ಲೆಕ್ಕ ಸರಿ!” ಎಂದೆ.

ಒಳಗಿನಿಂದ ಉತ್ತರ ಬರಲು ಸ್ವಲ್ಪ ತಡವಾಯಿತು. ನಿದ್ದೆ ಹತ್ತಿರಬೇಕು ಎಂದುಕೊಂಡೆ. ಸಂಜೆ ತಂಗಿ ಬೀದಿಯ ಕೊನೆಯವರೆಗೆ ಕಾರು ಓಡಿಸಿಕೊಂಡು ಬಂದು, “ಪರವಾಗಿಲ್ವೇ, ಬೆಣ್ಣೆ ಥರ ನಿಲ್ಲುತ್ತೆ!” ಎಂದು ನನ್ನ ಬೆನ್ನಿಗೆ ಗುದ್ದಿದಳು. ಹೆಮ್ಮೆಯಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ.

ಸೋಮವಾರ ಆರೂವರೆಗೆ ನಾನು ಆಸ್ಪತ್ರೆಗೆ ಹೊರಟೆ. ತಂಗಿ ಹೊರಡುವುದು ಏಳೂವರೆಗೆ. ಎಂಟಕ್ಕೆ ಮೊದಲನೆಯ ಕೇಸು ಶುರುವಾಯಿತು. ಒಂಬತ್ತೂಕಾಲಿಗೆ ಮುಗಿಯುವ ಹಂತ. ಡಾಕ್ಟರು ಕೈ ಚಾಚಿ “ಕೌಂಟ್?” ಎಂದರು. ನಾನು ಎಣಿಸಿದೆ. ಎಲ್ಲವೂ ತಟ್ಟೆಯಲ್ಲಿತ್ತು. “ಲೆಕ್ಕ ಸರಿ,” ಎಂದೆ.

ಎಲ್ಲವೂ ತಟ್ಟೆಯಲ್ಲಿತ್ತು. ಇಲ್ಲಿ ತಟ್ಟೆ ತುಂಬಿದ್ದರೆ ಲೆಕ್ಕ ಸರಿ, ಮನೆಯಲ್ಲಿ ಖಾಲಿಯಾದರೆ ಸರಿ ಎಂದುಕೊಂಡಿದ್ದೆ. ಆದರೆ ಬೋಲ್ಟು ತಟ್ಟೆಯಲ್ಲಿಲ್ಲ ಎಂದರೆ ಬಿಗಿಯಾಗಿದೆ ಎಂದು ಯಾರು ಹೇಳಿದರು? ಎಡಗಡೆ ಎಷ್ಟು ಸಲ ಟಕ್ ಎಂದಿತ್ತು? ನೆನಪಿಗೆ ಕೈ ಹಾಕಿದೆ. ಒಂದು. ಎರಡು. ಮೂರು. ಆಮೇಲೆ ಅಪ್ಪ ಬಿದ್ದ ಸದ್ದು.

ಮಾಸ್ಕಿನೊಳಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಬೆರಳಿನಿಂದ ಸಿಕ್ಕಿಸಿದ ಎರಡು ಬೋಲ್ಟು. ಬೀದಿಯ ಕೊನೆಯವರೆಗೆ ತಡೆದಿದ್ದವು. ಹನ್ನೊಂದು ತಿರುವು ತಡೆಯುತ್ತವೆಯೇ? ಪ್ರತಿ ತಿರುವಿಗೂ ತಂಗಿ ಬ್ರೇಕು ಒತ್ತುತ್ತಾಳೆ, ಪ್ರತಿ ಸಲ ಅವು ಒಂದಿಷ್ಟು ಕಳಚುತ್ತವೆ. ಒಂದು ಉದುರಿದರೆ ಆ ಕಬ್ಬಿಣದ ಹಿಡಿ ತಿರುಗಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಎಡಗಡೆ ತಡೆಗೋಡೆಯೂ ಇಲ್ಲದ ಇಳಿಜಾರು. ಗಡಿಯಾರ ನೋಡಿದೆ. ಅವಳು ಹೊರಟು ಎರಡು ಗಂಟೆಯಾಗುತ್ತ ಬಂದಿತ್ತು. ಆಗಬೇಕಾದದ್ದು ಆಗಿಹೋಗಿರುತ್ತದೆ.

ಆದರೂ ನನ್ನ ಕೈ ನನ್ನದಾಗಿರಲಿಲ್ಲ. ಗ್ಲೌಸು ಹಾಕಿದ ಕೈಯಿಂದ ಏನನ್ನೂ ಮುಟ್ಟುವಂತಿಲ್ಲ, ಹೊಲಿಗೆ ಮುಗಿಯದೆ ಕದಲುವಂತಿಲ್ಲ. ಎದುರಿನ ನರ್ಸಿಗೆ ಹೇಳಿದೆ, “ನನ್ನ ಫೋನ್ ತಗೊಂಡು ಬಂದು ತಂಗಿಗೆ ಮಾಡು. ಈಗ್ಲೇ. ಕೇಳ್ಬೇಡ, ಮಾಡು.”

ಅವಳು ನನ್ನ ಕಣ್ಣು ನೋಡಿ ಓಡಿದಳು. ಡಾಕ್ಟರು ತಲೆಯೆತ್ತದೆ ದಾರ ಕೇಳಿದರು. ಕೊಟ್ಟೆ. ಕತ್ತರಿ ಕೇಳಿದರು. ಕೊಟ್ಟೆ. ಫೋನು ರಿಂಗಾಗುತ್ತಲೇ ಇದೆ, ಎತ್ತುತ್ತಿಲ್ಲ ಎಂದು ಅವಳು ಬಾಗಿಲಿನಿಂದಲೇ ಕೈ ಆಡಿಸಿದಳು. ಮತ್ತೆ ಮಾಡಿಸಿದೆ. ಎತ್ತಲಿಲ್ಲ. ತಂಗಿಯ ಬ್ಯಾಗಿನೊಳಗೆ, ಮಗುಚಿಬಿದ್ದ ಕಾರಿನೊಳಗೆ ಆ ಫೋನು ಬೆಳಗಿ ಬೆಳಗಿ ಆರುವುದು ಕಣ್ಣಿಗೆ ಕಟ್ಟಿತು. ಚಿಕ್ಕಂದಿನಲ್ಲಿ ಅವಳ ಕೈ ಹಿಡಿದು ರಸ್ತೆ ದಾಟಿಸಿದವಳು ನಾನು, ಈಗ ನಾನೇ ಕೈಯಾರೆ ಅವಳನ್ನು ಕೊಂದೆ ಎಂದುಕೊಂಡೆ. ಇದನ್ನು ಅಲಂಕರಿಸಿ ಹೇಳಲು ನನಗೆ ಬರುವುದಿಲ್ಲ. ಹಾಗೆಯೇ ಅಂದುಕೊಂಡೆ.

ಕೊನೆಯ ಹೊಲಿಗೆ ಬಿದ್ದ ಕೂಡಲೇ ಗ್ಲೌಸು ಕಿತ್ತೆಸೆದು ಕಾರಿಡಾರಿಗೆ ಬಂದು ಮನೆಗೆ ಮಾಡಿದೆ. ಅಪ್ಪನ ಬೆರಳು ನಡುಗಿ ಯಾವಾಗಲೂ ತಪ್ಪು ಗುಂಡಿ ಒತ್ತುತ್ತದೆ. ಎರಡು ಸಲ ಕಟ್ಟಾಯಿತು. ಮೂರನೆಯ ಸಲ ಎತ್ತಿದರು.

“ಅಪ್ಪಾ, ಅವಳು ಹೋದ್ಲಾ?”

“ಹೋದ್ಲು.”

ಗೋಡೆ ಹಿಡಿದುಕೊಂಡೆ. ನನ್ನ ಬಾಯಿಂದ ಬಂದದ್ದು ಮಾತಲ್ಲ.

“ಬಸ್ಸಲ್ಲಿ ಹೋದ್ಲಮ್ಮ. ಕಾರು ಇಲ್ಲೇ ಇದೆ. ಕೀ ಸಿಕ್ಕಲಿಲ್ಲ.”

ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ನನ್ನ ಅಳು ಅಪ್ಪನಿಗೆ ಕೇಳಿಸಿತು. ಆಮೇಲೆ ತಗ್ಗಿದ ದನಿಯಲ್ಲಿ, “ಎಡಗಡೆ ನಂಗೆ ಮೂರೇ ಟಕ್ ಕೇಳಿಸ್ತು. ನೀನು ಸರಿ ಅಂದಾಗ, ಒಳಗೆ ಮಲಗಿದ್ನಲ್ಲ, ನನ್ನ ಕಿವಿಯೇ ತಪ್ಪಿತೇನೋ ಅಂದ್ಕೊಂಡೆ. ಬೆಳಿಗ್ಗೆ ಎದ್ದಾಗ್ಲೂ ಮೂರೇ ನೆನಪು. ನೀನು ಹೊರಟ್ಹೋಗಿದ್ದೆ. ಬಗ್ಗಿ ನೋಡೋಣ ಅಂದ್ರೆ ಮಂಡಿ ಬಗ್ಗಲಿಲ್ಲ. ಅದಕ್ಕೇ ಕೀ ನನ್ನ ಜೇಬಿಗೆ ಹಾಕ್ಕೊಂಡೆ,” ಎಂದರು.

“ಅವಳಿಗೆ ಹೇಳ್ಬಾರದಿತ್ತಾ ಅಪ್ಪಾ?”

“ಏನಂತ ಹೇಳ್ಲಿ? ನಂಗೇ ಖಾತ್ರಿ ಇರ್ಲಿಲ್ಲ. ಸುಮ್ನೆ ನಿನ್ನ ಹೆಸರು ಕೆಡೋದು ಬೇಡ ಅಂತ.”

ರಜೆ ಬರೆದುಕೊಟ್ಟು ಮಧ್ಯಾಹ್ನ ಮನೆಗೆ ಬಂದೆ. ಚಕ್ರ ಬಿಚ್ಚಿದೆ. ಮೇಲಿನ ಬೋಲ್ಟು ಆಗಲೇ ನಾಲ್ಕು ಸುತ್ತು ಹೊರಬಂದಿತ್ತು. ಕೆಳಗಿನದಕ್ಕೆ ರೆಂಚು ಹಾಕಿದರೆ, ಟಕ್ ಎನ್ನುವ ಮೊದಲು ಪೂರ್ತಿ ಎರಡು ಸುತ್ತು ತಿರುಗಿತು. ಅಪ್ಪ ಕುರ್ಚಿಯಿಂದ ನೋಡುತ್ತಿದ್ದರು.

ಸಂಜೆ ತಂಗಿ ಬಂದಳು. ಮೂರು ಬಸ್ಸಿನ ಧೂಳು ಮುಖದ ಮೇಲಿತ್ತು. ಮೊದಲ ಪೀರಿಯಡ್ಡು ತಪ್ಪಿ ಹೆಡ್‌ಮಾಸ್ಟರ ಕೈಲಿ ಬೈಸಿಕೊಂಡಿದ್ದಳಂತೆ. ಬಸ್ಸಿನ ಗದ್ದಲದಲ್ಲಿ ಫೋನು ಕೇಳಿಸಿರಲೇ ಇಲ್ಲವಂತೆ. ಬ್ಯಾಗು ಎಸೆದವಳೇ, “ಅಕ್ಕಾ, ಅಪ್ಪನ್ನ ಡಾಕ್ಟರಿಗೆ ತೋರ್ಸು. ಇಡೀ ಮನೆ ತಲೆಕೆಳಗು ಮಾಡಿದೆ. ಕೊನೆಗೆ ನೋಡಿದ್ರೆ ಕೀಲಿಯ ದಾರ ಅವ್ರ ಜೇಬಿಂದ ನೇತಾಡ್ತಿದೆ! ಕೊಡಿ ಅಂದ್ರೆ, ಇದು ಕಾರಿಂದಲ್ಲ, ಡಿಪೋದ ಬಸ್ಸಿನ ಕೀಲಿ, ನಂಗೆ ಡ್ಯೂಟಿ ಇದೆ ಅಂತಾರೆ. ಜೇಬು ಹಿಡ್ಕೊಂಡು ಬಿಡಲೇ ಇಲ್ಲ. ಪೂರ್ತಿ ಅರಳು ಮರಳು ಕಣೇ,” ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು.

ನಾನು ಅಪ್ಪನತ್ತ ತಿರುಗಿದೆ. ಡಿಪೋದ ಮಾತು ಅವರು ಫೋನಿನಲ್ಲಿ ನನಗೆ ಹೇಳಿರಲಿಲ್ಲ. ಸಾಯುವಷ್ಟು ಹೆದರುತ್ತಿದ್ದ ಹಣೆಪಟ್ಟಿಯನ್ನು ತಾವಾಗಿಯೇ ಹಚ್ಚಿಕೊಂಡು ಕೂತಿದ್ದರು ಮನುಷ್ಯ. ನನ್ನತ್ತ ನೋಡಿ ಮೆಲ್ಲಗೆ ತಲೆಯಾಡಿಸಿದರು, ಬೇಡ, ಬಿಟ್ಟುಬಿಡು ಎನ್ನುವಂತೆ.

ಬಿಡುವುದು ಎಷ್ಟು ಸುಲಭವಾಗಿತ್ತು! ಈ ಸಲದ ಹೆದರಿಕೆ ಬೆಳಗಿನದಕ್ಕಿಂತ ಬೇರೆಯದು. ಹೇಳಿದರೆ ಇವಳು ಇನ್ನೆಂದೂ ನನ್ನನ್ನು ನಂಬುವುದಿಲ್ಲ.

“ಅಪ್ಪನ ತಲೆ ನಮ್ಮಿಬ್ಬರಿಗಿಂತ ಸರಿಯಾಗಿದೆ,” ಎಂದೆ. “ಬೋಲ್ಟು ಬಿಗಿಮಾಡೋಕೆ ಮರೆತಿದ್ದು ನಾನು. ನೀನು ಇವತ್ತು ಕಾರಲ್ಲಿ ಹೋಗಿದ್ರೆ ವಾಪಸ್ ಬರ್ತಿರ್ಲಿಲ್ಲ.”

ತಂಗಿ ನನ್ನನ್ನು ನೋಡಿದಳು. ಅಂಗಳದ ಕಾರನ್ನು ನೋಡಿದಳು. ಅಪ್ಪನ ಕುರ್ಚಿಯ ಬಳಿ ಹೋಗಿ ನೆಲದ ಮೇಲೆ ಕೂತು, ಅವರ ನಡುಗುವ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಬೆಳಿಗ್ಗೆ ಆ ಜೇಬಿನಿಂದ ಕೀ ಕಿತ್ತುಕೊಳ್ಳಲು ಅವಳು ಎಳೆದಾಡಿದ್ದ ಕೈಗಳವು, ಮಣಿಕಟ್ಟಿನ ಮೇಲೆ ಅವಳ ಉಗುರಿನ ಗೀರು ಇನ್ನೂ ಕೆಂಪಗಿತ್ತು.