ಕನ್ನಡಿಗೆ ಟವೆಲ್ ಹಾಕಿದ ಮೇಲೆ

ಚೂಟಿಯನ್ನು ಶಾಲೆ ಬಿಡಿಸುವುದೆಂದು ಅಪ್ಪ ತೀರ್ಮಾನಿಸಿಯಾಗಿತ್ತು. ಅಪ್ಪ ಕ್ಷೌರಿಕ. ಒಂದೇ ಕುರ್ಚಿಯ ಪುಟ್ಟ ಅಂಗಡಿ, ಎದುರಿಗೆ ಗೋಡೆಯ ಮೇಲೊಂದು ಕನ್ನಡಿ. ಐದನೇ ವಯಸ್ಸಿನಲ್ಲಿ ಜ್ವರ ಬಂದು ಮಗಳ ಕಿವಿ ಮಂದವಾಗಿತ್ತು. ಏಳಕ್ಕೆ ಶಾಲೆಯಿಂದ ಕಿವಿಯ ಮಿಷನ್ ಸಿಕ್ಕಿತು. ಅಂದು ಮನೆಯವರೆಲ್ಲ ಕುಣಿದಾಡಿದ್ದೇ ಕುಣಿದಾಡಿದ್ದು. ಆದರೆ ಎರಡು ವರ್ಷವಾದರೂ ಪಾಠ ತಲೆಗೆ ಹತ್ತಲಿಲ್ಲ.

"ಮಿಷನ್ ಕೊಟ್ಟಾಯ್ತಲ್ಲ. ಇನ್ನು ತೊಂದರೆ ಕಿವೀದಲ್ಲ, ತಲೇದು" ಎಂದುಬಿಟ್ಟರು ಹೆಡ್‌ಮೇಷ್ಟ್ರು. ಅವರ ಪಾಲಿಗೆ ಕೊಟ್ಟಿದ್ದೇ ಕೆಲಸ, ಕೊಟ್ಟಲ್ಲಿಗೆ ಮುಗಿಯಿತು!

ಅಂಗವಿಕಲ ಮಕ್ಕಳನ್ನು ನೋಡಿಕೊಳ್ಳಲು ಹೊಸದಾಗಿ ಬಂದಿದ್ದ ವಿಶೇಷ ಶಿಕ್ಷಕಿ ವಿಷಯ ತಿಳಿದು ಅಂಗಡಿಗೇ ಬಂದರು. ಅಪ್ಪ ಮಗಳ ಕೂದಲು ಕತ್ತರಿಸುತ್ತಿದ್ದ. ಅಮ್ಮ ಬಾಚಣಿಗೆ ತೊಳೆಯುತ್ತಿದ್ದಳು.

"ಈ ಮಿಷನ್‌ನಿಂದ ಉಪಯೋಗ ಆಗ್ತಿದೆಯಾ ಅಂತ ಯಾರಾದ್ರೂ ಪರೀಕ್ಷೆ ಮಾಡಿದಾರಾ?"

"ಪರೀಕ್ಷೆ ಏನು ಬಂತು ಮೇಡಂ? ದಿನಾ ಹಾಕ್ಕೋತಾಳೆ. ಹೀಗೆ ಬೆನ್ನ ಹಿಂದೆ ನಿಂತು ಮಾತಾಡಿದ್ರೂ ಟಕ್ಕಂತ ಉತ್ತರ ಕೊಡ್ತಾಳೆ. ನೋಡಿ ಬೇಕಾದ್ರೆ. ಚೂಟಿ, ಹಸಿವಾಯ್ತಾ?"

"ಇನ್ನೂ ಇಲ್ಲಪ್ಪ."

ಅಪ್ಪನ ಮುಖ ಅರಳಿತು. ಶಿಕ್ಷಕಿ ಮಾತ್ರ ಕನ್ನಡಿಯನ್ನೇ ನೋಡುತ್ತಿದ್ದರು. ಅದರಲ್ಲಿ ಅಪ್ಪನ ತುಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಒಂದು ಟವೆಲ್ ತೆಗೆದು ಕನ್ನಡಿಯ ಮೇಲೆ ಇಳಿಬಿಟ್ಟರು.

"ಈಗ ಕೇಳಿ."

"ಚೂಟಿ, ನೀರು ಬೇಕಾ?"

ಉತ್ತರವಿಲ್ಲ.

"ಚೂಟಿ! ನೀರು ಬೇಕಾ ಅಂದೆ!"

ಮಗಳು ಟವೆಲನ್ನೇ ನೋಡುತ್ತ ಕೂತಿದ್ದಳು. ಶಿಕ್ಷಕಿ ಮಿಷನ್ ತೆಗೆಸಿ ಅಪ್ಪನಿಂದ ಅದೇ ಮಾತನ್ನು ಮತ್ತೆ ಹೇಳಿಸಿದರು. ಆಗಲೂ ಹಾಗೇ ಕೂತಿದ್ದಳು.

"ಹಾಕಿದ್ರೂ ಅಷ್ಟೇ, ತೆಗೆದ್ರೂ ಅಷ್ಟೇ. ಇಷ್ಟು ದಿನ ಅವಳು ನಿಮ್ಮ ತುಟಿ ನೋಡ್ತಿದ್ಲು. ಕ್ಲಾಸಲ್ಲಿ ಮೇಷ್ಟ್ರು ಬೋರ್ಡ್ ಕಡೆ ತಿರುಗಿ ಪಾಠ ಮಾಡ್ತಾರೆ. ಅವಳಿಗೆ ಏನು ಸಿಗುತ್ತೆ ಹೇಳಿ."

ಅಪ್ಪ ಕತ್ತರಿ ಕೆಳಗಿಟ್ಟ. ಅಮ್ಮ ಓಡಿ ಬಂದು ಮಗಳ ಕಿವಿಗೆ ಮಿಷನ್ ಹಾಕಿ, ಎದುರಿಗೆ ಕೂತು ಕೇಳಿದಳು: "ಕೇಳಿಸಲ್ಲ ಅಂತ ಯಾಕೇ ಹೇಳ್ಲಿಲ್ಲ, ನನ್ನವ್ವಾ?"

"ಇದನ್ನ ಹಾಕಿದ ದಿನ ನೀವೆಲ್ಲ ಎಷ್ಟು ಖುಷಿಯಾಗಿದ್ರಿ. ಮಿಷನ್‌ನಲ್ಲಿ ಕೇಳೋದಂದ್ರೆ ಇಷ್ಟೇ, ನಾನೇ ದಡ್ಡಿ ಅಂದ್ಕೊಂಡೆ."

ಶಿಕ್ಷಕಿ ಕಿವಿ ತಜ್ಞರ ವಿಳಾಸ ಬರೆದುಕೊಟ್ಟರು.

ಕಿವಿ ತಜ್ಞರ ಬಳಿ ಹೋದಾಗ ವಿಷಯ ಬಯಲಾಯಿತು. ಮಗು ಬೆಳೆದಿತ್ತು, ಕಿವಿಯೊಳಗೆ ಕೂರುವ ಮಿಷನ್‌ನ ಅಚ್ಚು ಬೆಳೆದಿರಲಿಲ್ಲ. ಅದು ಸಡಿಲವಾಗಿ ಕುಯ್ ಎನ್ನುತ್ತಿತ್ತು. ಕಿರಿಕಿರಿ ಎಂದು ಕ್ಲಾಸಿನಲ್ಲಿ ಮೇಷ್ಟ್ರು ಮಿಷನ್‌ನ ಶಬ್ದ ತಗ್ಗಿಸಿಬಿಟ್ಟಿದ್ದರು.

ಅಚ್ಚು ಬದಲಾಯಿತು. ಶಬ್ದವನ್ನು ಸರಿಹೊಂದಿಸಿದರು. ಈಗ ಅಪ್ಪ ವಾರಕ್ಕೊಮ್ಮೆ ಕನ್ನಡಿಗೆ ಟವೆಲ್ ಹಾಕಿ ಮಾತಾಡಿಸುತ್ತಾನೆ. ಅರ್ಧ ಮಾತು ಹಿಡಿಯುತ್ತಾಳೆ, ಅರ್ಧ ಜಾರುತ್ತದೆ. ಗದ್ದಲದ ಕ್ಲಾಸಿನಲ್ಲಿ ಅದೂ ಕಷ್ಟ. ಶಾಲೆ ಬಿಡಿಸುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಆದರೆ ಅವಳ ಜೊತೆಯ ಮಕ್ಕಳು ಮುಂದೆ ಹೋಗಿಬಿಟ್ಟಿದ್ದಾರೆ. ಬಾಯಿ ಮುಚ್ಚದೆ ವಟಗುಟ್ಟುತ್ತಾಳೆಂದು ಚೂಟಿ ಎಂಬ ಹೆಸರು ಬಂದಿತ್ತು. ಈಗ ಕೇಳಿಸಿದ್ದಕ್ಕೂ ಉತ್ತರ ಕೊಡಲು ಹೆದರುತ್ತಾಳೆ. ಆ ಎರಡು ವರ್ಷವನ್ನು ಯಾವ ತಜ್ಞರೂ ಅವಳಿಗೆ ವಾಪಸ್ ಕೊಡಲಾರರು.

ತಾಯಂದಿರೇ, ತಂದೆಯರೇ, ಮೇಷ್ಟ್ರುಗಳೇ, ನಿಮ್ಮ ಮಗುವಿಗೂ ಕಿವಿಯ ಮಿಷನ್ನೋ, ಪಾಠ ಓದಿ ಹೇಳುವ ಫೋನೋ, ಗಾಲಿಕುರ್ಚಿಯೋ ಸಿಕ್ಕಿರಬಹುದು. ಸಿಕ್ಕಿತೆಂದು ಸುಮ್ಮನಾಗಬೇಡಿ. ಒಂದೇ ಕೆಲಸವನ್ನು ಅದು ಇದ್ದಾಗೊಮ್ಮೆ, ಇಲ್ಲದಾಗೊಮ್ಮೆ ಮಾಡಿಸಿ ನೋಡಿ. ಮನೆಯಲ್ಲಿ ನೋಡಿದ್ದನ್ನು ಕ್ಲಾಸಿನಲ್ಲೂ ನೋಡಿ. ಸ್ವಲ್ಪ ದಿನ ಬಿಟ್ಟು ಮತ್ತೆ ನೋಡಿ, ಮಕ್ಕಳು ಬೆಳೆಯುತ್ತಿರುತ್ತಾರೆ. ಅನುಕೂಲವಾಗುತ್ತಿದೆಯೇ ಎಂದು ಮಗುವನ್ನೇ ಕೇಳಿ. ವ್ಯತ್ಯಾಸ ಕಾಣದಿದ್ದರೆ ಮಗುವನ್ನು ಬೈಯಬೇಡಿ, ಆ ಸಾಧನವನ್ನು ಹಿಡಿದುಕೊಂಡು ಕೊಟ್ಟವರ ಬಾಗಿಲಿಗೆ ಹೋಗಿ.

ಇವತ್ತೇ ಹೋಗಿ. ಚೂಟಿಯ ಅಪ್ಪ ಹೋದಾಗ ತಡವಾಗಿತ್ತು.